ಕೇಳಿಸ್ತಾ ಇದ್ಯಾ?

ಮನೆಯಿಂದ ಪಾಠ ಮಾಡೋದು ಆರಾಮ ಅನ್ನುವವರು ಮಳೆಗಾಲದಲ್ಲಿ ಒಂದು ವಾರ ತೀರ್ಥಹಳ್ಳಿ ಕಡೆ ಬಂದು ಮಾಡಿ ನೋಡಬೇಕು.

2020ರಲ್ಲಿ ಲಾಕ್‌ಡೌನ್ ಸ್ವಲ್ಪ ಸಡಿಲ ಆದ ಕೂಡಲೇ ಶಿವಮೊಗ್ಗದ ಬಾಡಿಗೆ ಮನೆಗೆ ಬೀಗ ಹಾಕಿ ಊರಿಗೆ ಬಂದೆ. ಖುಷಿಯಾಗೇ ಬಂದೆ. ಬಸ್ ಹಿಡಿಯೋದಿಲ್ಲ, ಹಾಜರಾತಿಗೆ ಬೆರಳು ಒತ್ತೋದಿಲ್ಲ, ಜಗಲಿಯಲ್ಲಿ ಕೂತು ಕಾಫಿ. ಸಂಬಳವೂ ಸರಿಯಾಗಿ ಬರುತ್ತಿತ್ತು. (ಅತಿಥಿ ಉಪನ್ಯಾಸಕರ ಪಾಡು ಹೀಗಿರಲಿಲ್ಲ. ಅದನ್ನು ಮರೆತು ಮಾತಾಡಬಾರದು.)

ಜೂನ್ ಬಂತು. ಕರೆಂಟ್ ಹೋದರೆ ಟವರೂ ಹೋಗುತ್ತಿತ್ತು. ಮನೆಯಲ್ಲಿ ಸಿಗ್ನಲ್ ಸಿಗೋದು ಅಟ್ಟದ ಕಿಟಕಿ ಹತ್ತಿರ ಮಾತ್ರ. ಅಡಿಕೆ ಚೀಲಗಳ ಮಧ್ಯೆ ಕುರ್ಚಿ ಹಾಕಿಕೊಂಡೆ. ಸುಣ್ಣ ಕದಡಿ ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಯುವ ಸಮಯ ಬೇರೆ. ಕ್ಲಾಸ್ ಅರ್ಧ ಆಗಿರುವಾಗ ಅಮ್ಮ ಕೆಳಗಿನಿಂದ ಕೂಗುತ್ತಿದ್ದಳು, "ಸುಣ್ಣ ಕದಡೋಕೆ ಯಾರೂ ಇಲ್ಲ, ಮನೇಲೇ ಇದ್ದೀಯಲ್ಲ, ಬಾರೋ!" ಮನೆಯಲ್ಲಿರುವವನಿಗೆ ಕೆಲಸ ಇರುತ್ತೆ ಅಂತ ಅವಳನ್ನು ಒಪ್ಪಿಸೋಕೆ ನನಗೆ ಕೊನೆವರೆಗೂ ಆಗಲಿಲ್ಲ.

ನಾನು ಹೇಳಿಕೊಡೋದು ಮ್ಯಾನೇಜ್‌ಮೆಂಟ್. ಆ ವಾರ ಇದ್ದದ್ದು ಹರ್ಜ್‌ಬರ್ಗ್ ಪಾಠ. ಕೆಲಸದಲ್ಲಿ ಹುಮ್ಮಸ್ಸು ಎಲ್ಲಿಂದ ಬರುತ್ತೆ ಅಂತ ಹುಡುಕಿದ ಅಮೆರಿಕದ ಮನಃಶಾಸ್ತ್ರಜ್ಞ ಅವನು. 1959ರಲ್ಲಿ ಅವನು ಹೇಳಿದ್ದು ಇಷ್ಟು: ಸಂಬಳ, ಕೆಲಸದ ಜಾಗ, ಮೇಲಧಿಕಾರಿ ಸರಿ ಇಲ್ಲದಿದ್ದರೆ ಬೇಜಾರಾಗುತ್ತದೆ. ಸರಿ ಇದ್ದರೆ ಬೇಜಾರು ಹೋಗುತ್ತದೆ, ಅಷ್ಟೇ. ಹುಮ್ಮಸ್ಸು ಬರೋದು ಕೆಲಸದಿಂದಲೇ, ಏನೋ ಆಯಿತು ಅನ್ನುವ ಸಮಾಧಾನದಿಂದ, ಅದನ್ನು ಯಾರೋ ಗುರುತಿಸಿದಾಗ. ವರ್ಷ ವರ್ಷ ಬೋರ್ಡಿನ ಮೇಲೆ ಬರೆದದ್ದೇ. ಅವತ್ತು ಬರೀ ಹೆಸರುಗಳಿದ್ದ ಪರದೆಗೆ ಹೇಳುತ್ತಾ ಹೇಳುತ್ತಾ ಅದು ನನಗೇ ತಾಗಿತು.

ಕ್ಲಾಸಲ್ಲಿ ಹಿಂದಿನ ಬೆಂಚಿನವನು ಹುಬ್ಬು ಗಂಟಿಕ್ಕಿದರೆ ಸಾಕು, ನಾನು ಉದಾಹರಣೆ ಬದಲಿಸುತ್ತೇನೆ. ನನ್ನ ಕೆಲಸದ ಅರ್ಧ ರುಚಿ ಅದೇ. ಅಟ್ಟದಲ್ಲಿ ಏನಿತ್ತು? ಜೋಕ್ ಹೇಳಿದರೂ ಹೆಂಚಿನ ಮೇಲೆ ಮಳೆಯ ಸದ್ದು. ಮೇಲಿನವರು ಕೇಳುತ್ತಿದ್ದದ್ದು ಸ್ಕ್ರೀನ್‌ಶಾಟ್ ಮತ್ತು ಹಾಜರಾತಿಯ ಎಕ್ಸೆಲ್. ಮಕ್ಕಳಿಗೆ ಪಾಠ ಮುಟ್ಟಿತಾ ಅಂತ ಒಬ್ಬರೂ ಕೇಳಲಿಲ್ಲ.

2021ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ), ಪಾಠದಲ್ಲಿ ಶೇ 40ರಷ್ಟನ್ನು ಆನ್‌ಲೈನ್ ಮಾಡಬಹುದು ಅಂದಿತು. ಪೂರ್ತಿ ಬೇಡ ಅನ್ನಲ್ಲ ನಾನು. ಪ್ರಶ್ನೆಪತ್ರಿಕೆ ತೆಗೆಯೋದು, ಪಿಎಚ್‌ಡಿ ಡ್ರಾಫ್ಟ್ ಓದೋದು ಮನೆಯಲ್ಲೇ ಚೆನ್ನಾಗಿ ಆಗುತ್ತದೆ. ಪಾಠವನ್ನು ಮಾತ್ರ ಆ ಲೆಕ್ಕಕ್ಕೆ ಸೇರಿಸಬೇಡಿ.

ಹರ್ಜ್‌ಬರ್ಗ್ ಪಾಠದ ದಿನ ಸಂಜೆ ಶರಾವತಿ ಹಿನ್ನೀರಿನ ಆಚೆಯ ತುಮರಿ ಕಡೆಯ ನನ್ನ ಕ್ಲಾಸಿನ ಹುಡುಗಿ ಫೋನ್ ಮಾಡಿದಳು. "ಸರ್, ಗುಡ್ಡದ ಮೇಲೆ ಕೂತಿದ್ದೆ, ಮಳೆ ಜೋರಾಯ್ತು. ಸಂಬಳದವರೆಗೆ ಕೇಳಿಸ್ತು. ಆಮೇಲಿಂದು ಇನ್ನೊಂದ್ಸಲ ಹೇಳ್ತೀರಾ?"

ಮುಕ್ಕಾಲು ಗಂಟೆ ಹೇಳಿದೆ. ಅಮ್ಮ ಎರಡು ಸಲ ಕೂಗಿದಳು. ಹೋಗಲಿಲ್ಲ.