ಟಾರ್ಚ್ ಹಿಡಿದು ಕಚೇರಿಗೆ ಬಂದ ಮಾವ

ಆಕೆ ಗಂಟಲಿನ ತಳದಿಂದ ಗುಡುಗಿನಂಥ ಒಂದು ದನಿ ತೆಗೆದರು. ಅದು ಹಾಗೇ ಸೀಳಿಕೊಂಡು ಮೇಲೇರಿತು, ನಾಲ್ಕು ಗದ್ದೆ ಆಚೆಗೂ ಕೇಳಿಸುವಷ್ಟು. ಎರಡು ನಿಮಿಷ ಆಗಿರಬಹುದು. ಕೆಳಗಿನ ಮನೆಯಿಂದ ನಮ್ಮ ಮಾವ ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಪಟಾಕಿ ಹಿಡಿದು ಏದುಸಿರು ಬಿಡುತ್ತಾ ಕಣಕ್ಕೆ ಬಂದರು. "ಎಲ್ಲಿ? ಯಾವ ಕಡೆ ಇಳೀತು?"

ಆನೆ ಇಳಿದಿರಲಿಲ್ಲ. ಕಚೇರಿ ನಡೀತಿತ್ತು.

ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಅಂತ ರಜೆ ಹಾಕಿ ಜರ್ಮನಿಯ ಕೊಲೋನ್‌ನಿಂದ ಊರಿಗೆ ಬಂದಿದ್ದೆ. ಸುಂಟಿಕೊಪ್ಪದ ಹತ್ತಿರ ಗೆಳೆಯನೊಬ್ಬನ ಹೋಂಸ್ಟೇ ಇದೆ. ಕಾಫಿ ಇನ್ನೂ ಕಣಕ್ಕೆ ಬಂದಿರಲಿಲ್ಲ, ಜಾಗ ಖಾಲಿ ಇತ್ತು. ಯುರೋಪಿನ ಗಾಯಕಿಯೊಬ್ಬರು ಅಲ್ಲಿ ಹಾಡುತ್ತಾರೆ ಅಂದ. ಜಾಝ್‌ನಲ್ಲಿ ಪ್ರಯೋಗ ಮಾಡುವವರು. ಜತೆಗೆ ಇಬ್ಬರು, ಒಬ್ಬರದು ಗಿಟಾರ್, ಇನ್ನೊಬ್ಬರದು ಚೆಲ್ಲೋ. ಕಾಡು, ಮಳೆ, ಹಕ್ಕಿ ಕೇಳಿ ಕೇಳಿ ರಾಗ ಕಟ್ಟುವ ಜೋಡಿ. ಮೈಕಿಲ್ಲ, ಸ್ಪೀಕರ್ ಇಲ್ಲ.

ಹಾಡಿನಲ್ಲಿ ಪದವೂ ಇಲ್ಲ. ಆಕೆ ಉಸಿರನ್ನು ಒಳಗೆ ಎಳೆದುಕೊಳ್ಳುತ್ತಲೇ ಹಾಡುತ್ತಾರೆ. ನಾಲಿಗೆಯನ್ನು ಬಾಯಿಯ ಅಂಗಳಕ್ಕೆ ಲೊಟಕ್ ಅನ್ನಿಸಿ ತಾಳ ಹಾಕುತ್ತಾರೆ. ಚೆಲ್ಲೋದವರು ಕಮಾನನ್ನು ತಂತಿಯ ತುದಿಗೆ ಒತ್ತಿ ಎಳೆದರೆ ಗಾಳಿಗೆ ಬಿದಿರು ಮೆಳೆ ಕಿರ್ರ್ ಅಂದ ಹಾಗೆ. ಗಿಟಾರ್ ಮಾತ್ರ ಅಲ್ಲೊಂದು ಇಲ್ಲೊಂದು ಹನಿ, ಸಿಲ್ವರ್ ಮರದಿಂದ ಕಾಫಿ ಎಲೆಗೆ ಬಿದ್ದ ಹಾಗೆ. ನನಗೆ ರೋಮ ಎದ್ದು ನಿಂತಿತ್ತು.

ಮಾವ ಕೂತರು. ಹತ್ತು ನಿಮಿಷ ನೋಡಿದರು. ಆಮೇಲೆ ನನ್ನ ಕಿವಿಗೆ ಬಗ್ಗಿ, ಆದರೆ ಇಡೀ ಕಣಕ್ಕೆ ಕೇಳುವ ಹಾಗೆ, "ಹಾಡು ಯಾವಾಗ ಶುರು ಮಾಡ್ತಾರೆ?" ಅಂದರು. ಹಿಂದಿನ ಸಾಲಿನವರು ಗೊಳ್ಳೆಂದರು. "ಅಲ್ಲಿ ನೀನು ದುಡ್ಡು ಕೊಟ್ಟು ಇದನ್ನ ಕೇಳ್ತೀಯಾ?" ಅಂತ ಇನ್ನೊಂದು.

ಚುಚ್ಚಿತು. ಕೇಳ್ತೀನಿ ಮಾವ. ಟಿಕೆಟ್‌ಗೆ ಇಪ್ಪತ್ತು ಯೂರೋ ಕೊಟ್ಟು, ಚಳಿಯಲ್ಲಿ ಟ್ರಾಮ್ ಹಿಡಿದು ಹೋಗಿ ಕೇಳ್ತೀನಿ. ಅಲ್ಲಿ ಐವತ್ತು ಜನ ಕೂತಿರುತ್ತಾರೆ, ಪಕ್ಕದವರು ನುಂಗುವ ಎಂಜಲೂ ಕೇಳುತ್ತದೆ. ಕೆಮ್ಮು ಬಂದವರು ಹಾಡು ಮುಗಿಯೋ ತನಕ ಮುಖ ಕೆಂಪಗೆ ಮಾಡಿಕೊಂಡು ತಡೆದಿರುತ್ತಾರೆ. ಕೊನೆಯ ದನಿ ಪೂರ್ತಿ ಆರಿದ ಮೇಲೂ ಯಾರೂ ಕೈ ಎತ್ತುವುದಿಲ್ಲ. ಆ ಏಳೆಂಟು ಸೆಕೆಂಡಿನ ಮೌನಕ್ಕೇ ನಾನು ದುಡ್ಡು ಕೊಡೋದು ಅಂತ ಒಮ್ಮೊಮ್ಮೆ ಅನ್ನಿಸುತ್ತದೆ. ನಮ್ಮ ಕಣದಲ್ಲಿ? ಒಬ್ಬರ ಫೋನ್ ಹೊಡೆದುಕೊಳ್ತಿತ್ತು. ಒಳಗೆ ತಟ್ಟೆ ಜೋಡಿಸುವ ಸದ್ದು. ಬೆಂಗಳೂರಿನಿಂದ ಬಂದ ಗುಂಪೊಂದಕ್ಕೆ ಮಾಂದಲ್‌ಪಟ್ಟಿ ಬೆಟ್ಟಕ್ಕೆ ಜೀಪು ಎಷ್ಟು ಗಂಟೆಗೆ ಅನ್ನೋದೇ ಚಿಂತೆ.

ಪದವಿಲ್ಲದ ಹಾಡು ಜಾಝ್‌ನವರಿಗೆ ಹಳೇದು. ಲೂಯಿ ಆರ್ಮ್‌ಸ್ಟ್ರಾಂಗ್ 1926ರಲ್ಲೇ ಹಾಗೆ ಹಾಡಿ ರೆಕಾರ್ಡ್ ಮಾಡಿದ್ದರು. ನಮಗಾದರೂ ಹೊಸದಾ? ತಿಲ್ಲಾನ ಇಲ್ವಾ, ಬಾಯಲ್ಲೇ ತಾಳ ನುಡಿಸುವ ಕೊನ್ನಕೋಲು ಇಲ್ವಾ? ಬೆಂಗಳೂರಿನ ಗಾಯಕಿ ಆರ್.ಎ. ರಮಾಮಣಿ, ಟಿ.ಎ.ಎಸ್. ಮಣಿಯವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದ ಜತೆ, ಸ್ಯಾಕ್ಸೊಫೋನ್‌ನ ಚಾರ್ಲಿ ಮರಿಯಾನೊಗೆ ಸಮ ಸಮ ನಿಂತು ಹಾಡಿದ ಆಲ್ಬಮ್ ಬಂದದ್ದು 1983ರಲ್ಲಿ. ಮರಿಯಾನೊ 2009ರಲ್ಲಿ ತೀರಿಕೊಂಡಿದ್ದು ಕೊಲೋನ್‌ನಲ್ಲೇ. ಅಲ್ಲಿ ಕಚೇರಿಯೊಂದರಲ್ಲಿ ಪಕ್ಕ ಕೂತಿದ್ದ ಮುದುಕರೊಬ್ಬರು, ನಾನು ಕರ್ನಾಟಕದವನು ಅಂದ ಕೂಡಲೇ "ರಮಾಮಣಿ!" ಅಂದಿದ್ದರು. ಆ ಹೆಸರು ನಾನು ಕೇಳಿದ್ದು ಅದೇ ಮೊದಲು. ಪೆದ್ದನ ಹಾಗೆ ತಲೆ ಆಡಿಸಿದ್ದೆ.

ಹೊರಗಿನವರ ಮಾತು ಬಿಡಿ, ನಮ್ಮದನ್ನಾದರೂ ಕೇಳ್ತೀವಾ? ನಾಲ್ಕು ಜನ ದುಡಿ ಹಿಡಿದು, ಇಬ್ಬರು ಎತ್ತಿಕೊಟ್ಟು ಇಬ್ಬರು ತಿರುಗಿ ಹೇಳುವ ಆ ಕೊಡವ ಹಾಡು, ಪಾಟ್, ಹುತ್ತರಿಗೆ ಎಷ್ಟು ಅಂಗಳದಲ್ಲಿ ಪೂರ್ತಿ ಕೇಳಿಸುತ್ತದೆ? ನಡಿಕೇರಿಯಂಡ ಚಿಣ್ಣಪ್ಪ 1924ರಲ್ಲೇ 'ಪಟ್ಟೋಲೆ ಪಳಮೆ'ಯಲ್ಲಿ ಪದಗಳನ್ನು ಬರೆದಿಟ್ಟರು, ಪುಣ್ಯ. ದನಿಯನ್ನು ಯಾವ ಪುಸ್ತಕ ಹಿಡಿಯುತ್ತದೆ? ಈ ಸಲ ನಾನು ಹೋದ ಮದುವೆಯಲ್ಲಿ ದುಡಿಯವರು ಹಾಡುತ್ತಲೇ ಇದ್ದರು, ಜನ ಊಟದ ಹಾಲ್ ಕಡೆ ನಡೆಯುತ್ತಲೇ ಇದ್ದರು.

ಇಷ್ಟು ಬೈದಾಯ್ತು. ಹೇಳದೇ ಬಿಡೋಣ ಅಂದುಕೊಂಡಿದ್ದೆ, ಆದರೂ ಹೇಳ್ತೀನಿ. ಆ ಸಂಜೆಯ ಒಳ್ಳೆಯ ಹತ್ತು ನಿಮಿಷ ಮೌನದಿಂದ ಬಂದದ್ದಲ್ಲ. ತೋಟದ ಕೆಲಸದವರ ಲೈನ್ ಮನೆಯ ಪುಟ್ಟ ಹುಡುಗಿಯೊಬ್ಬಳು ಎದ್ದು ಚೆಲ್ಲೋ ಮುಂದೆ ಕುಣಿಯೋಕೆ ಶುರು ಮಾಡಿದಳು. ಕೊಲೋನ್‌ನಲ್ಲಾಗಿದ್ದರೆ ಅವಳಮ್ಮ ಅಷ್ಟೊತ್ತಿಗೆ ಮಗುವನ್ನು ಎತ್ತಿಕೊಂಡು ಹೊರಗೆ ಹೋಗಿರುತ್ತಿದ್ದಳು. ಇಲ್ಲಿ ಗಾಯಕಿಯೇ ಕೆಳಗೆ ಕೂತರು. ಮಗು ಕಾಲು ಎತ್ತಿದ ಕಡೆ ದನಿ ಎತ್ತಿದರು, ನಿಂತ ಕಡೆ ನಿಲ್ಲಿಸಿದರು. ಮಾವನ ಕಾಲೂ ಅಲ್ಲಾಡುತ್ತಿತ್ತು. ವಾಲಗ ಶುರುವಾದರೆ ಸುಮ್ನೆ ಕೂರೋಕೆ ನಮ್ಮಲ್ಲಿ ಯಾರಿಗೆ ಬರುತ್ತೆ ಹೇಳಿ. ನನ್ನ ಕಾಲು ಮಾತ್ರ ಅಲ್ಲಾಡಲಿಲ್ಲ. ಅಭ್ಯಾಸ ತಪ್ಪಿಹೋಗಿದೆ.

ಊಟಕ್ಕೆ ಕೂತಾಗ ಗಾಯಕಿಗೆ ಟಾರ್ಚಿನ ವಿಷಯ ಗೊತ್ತಾಯಿತು. ಅವರಿಗೆ ಭಾರಿ ಖುಷಿ. ಆನೆ ಓಡಿಸೋಕೆ ನೀವು ಹೇಗೆ ಕೂಗ್ತೀರಿ, ಒಂದು ಸಲ ತೋರಿಸಿ ಅಂತ ಮಾವನನ್ನು ಕೇಳಿಕೊಂಡರು. ನಾನೇ ಮಾತು ದಾಟಿಸಿದೆ. ಮಾವ ಕಡುಬು ಮುರಿಯುತ್ತಾ, "ಆನೆ ಇಲ್ದೆ ಅದು ಬರಲ್ಲ ಅಂತ ಹೇಳು" ಅಂದರು.

ಮೂರನೇ ರಾತ್ರಿ ಆನೆ ಬಂತು. ಗಾಯಕಿ ಆಗಲೇ ಕಣ್ಣೂರಿನಿಂದ ವಿಮಾನ ಹತ್ತಿದ್ದರು. ಕೊಯ್ಲಿಗೆ ಬಂದ ಗದ್ದೆಯಲ್ಲಿ ಕಪ್ಪಗೆ ಮೂರು ನಾಲ್ಕು ಬೆನ್ನು. ಮಾವ ಬದುವಿನ ಮೇಲೆ ನಿಂತು ಕೂಗಿದರು. ಹೊಟ್ಟೆಯಿಂದ ಎದ್ದು ಎದೆಯಲ್ಲಿ ಒಡೆದು ಮೂಗಿನಲ್ಲಿ ಉದ್ದಕ್ಕೆ ಎಳೆಯಿತು ಆ ದನಿ. ಆಚೆ ಗದ್ದೆಯಿಂದ ಇನ್ನೊಬ್ಬರು ಅದನ್ನೇ ಎತ್ತಿಕೊಂಡರು, ಅದರಾಚೆ ಮತ್ತೊಬ್ಬರು. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ.

ಮಾವ ತಿರುಗಿದರು. "ಏನೋ ಕಂಬದ ಹಾಗೆ ನಿಂತಿದ್ದೀಯ? ತಗಡು ಬಡಿಯೋ!"