ಕೊಳ್ಳುವ ಮೊದಲು ಅಳೆದು ನೋಡಲು ಬಿಡಿ

ದೊಡ್ಡ ಗೇಮ್ ಬಿಡುಗಡೆಯಾಗುವ ವಾರ ಪರಿಚಯದ ಹುಡುಗರೆಲ್ಲ ನನ್ನನ್ನು ಕೇಳುವುದು ಒಂದೇ: "ಅಣ್ಣಾ, ನಮ್ಮ ಮನೆಯ ಕಂಪ್ಯೂಟರ್‌ನಲ್ಲಿ ಇದು ಓಡುತ್ತದೆಯೇ?" ಇದಕ್ಕೆ ಉತ್ತರ ಹೇಳಬೇಕಾದವರು ಗೇಮ್ ಮಾರುವವರು. ಅವರಲ್ಲಿ ಹೆಚ್ಚಿನವರು 'ಕನಿಷ್ಠ ಅಗತ್ಯ'ದ ಪಟ್ಟಿಯೊಂದನ್ನು ಕೊಟ್ಟು ಸುಮ್ಮನಾಗುತ್ತಾರೆ. ಆ ಪಟ್ಟಿಯೊಂದನ್ನೇ ನಂಬಿ ದುಡ್ಡು ಹಾಕಬೇಡಿ.

2025ರ ಫೆಬ್ರವರಿಯಲ್ಲಿ ಬಂದ ಕ್ಯಾಪ್‌ಕಾಮ್‌ನ ಮಾನ್‌ಸ್ಟರ್ ಹಂಟರ್ ವೈಲ್ಡ್ಸ್ ನೋಡಿ. ಅದರ ಕನಿಷ್ಠ ಮಟ್ಟವೆಂದರೆ ಸೆಟ್ಟಿಂಗ್ ಎಲ್ಲವನ್ನೂ ತಳಕ್ಕಿಳಿಸಿ, ಕಡಿಮೆ ಸ್ಪಷ್ಟತೆಯ 720ಪಿ ಚಿತ್ರವನ್ನು 1080ಪಿಗೆ ಹಿಗ್ಗಿಸಿ, ಸೆಕೆಂಡಿಗೆ 30 ಫ್ರೇಮ್, ಅಂದರೆ ಪರದೆಯ ಮೇಲೆ ಬದಲಾಗುವ 30 ಚಿತ್ರ. ಶಿಫಾರಸು ಮಟ್ಟದ 60 ಫ್ರೇಮ್ ಸಿಗುವುದೂ ಫ್ರೇಮ್ ಜನರೇಶನ್ ಹಾಕಿದರೆ. ಅಂದರೆ ಅದರಲ್ಲಿ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡ್ ತಾನೇ ಊಹಿಸಿ ನಡುವೆ ತುರುಕಿದ ಫ್ರೇಮ್‌ಗಳೂ ಸೇರಿವೆ. ಕಣ್ಣಿಗೆ ನಯವಾಗಿ ಕಾಣುತ್ತದೆ, ಆದರೆ ಬಟನ್ ಒತ್ತಿದಾಗ ಗೇಮ್ ಸ್ಪಂದಿಸುವ ವೇಗ ಅದರಿಂದ ಹೆಚ್ಚುವುದಿಲ್ಲ. ಕ್ಯಾಪ್‌ಕಾಮ್ ಇದನ್ನು ಮುಚ್ಚಿಡಲಿಲ್ಲ, ಬಿಡುಗಡೆಗೆ ಮೊದಲೇ ಉಚಿತ ಬೆಂಚ್‌ಮಾರ್ಕನ್ನೂ, ಅಂದರೆ ಗೇಮ್ ನಮ್ಮ ಯಂತ್ರದಲ್ಲಿ ಎಷ್ಟು ವೇಗವಾಗಿ ಓಡುತ್ತದೆಂದು ಅಳೆದು ತೋರಿಸುವ ಪುಟ್ಟ ತಂತ್ರಾಂಶವನ್ನೂ ಕೊಟ್ಟಿತು. ಚೀನಾದ ಗೇಮ್ ಸೈನ್ಸ್ ಕೂಡ 2024ರ ಆಗಸ್ಟ್‌ನಲ್ಲಿ ಬ್ಲ್ಯಾಕ್ ಮಿತ್: ವುಕಾಂಗ್‌ಗೆ ಹೀಗೆಯೇ ಮಾಡಿತ್ತು. 130 ಜಿಬಿ ಜಾಗ ಬೇಡುವ ಆ ಗೇಮನ್ನು ಪೂರ್ತಿ ಇಳಿಸಿಕೊಂಡ ಮೇಲೆ 'ಓಡುವುದಿಲ್ಲ' ಎಂದು ತಿಳಿಯುವ ಸಂಕಟ ಅದರಿಂದ ಎಷ್ಟೋ ಜನರಿಗೆ ತಪ್ಪಿರಬೇಕು. ಎಲ್ಲ ದೊಡ್ಡ ಕಂಪನಿಗಳೂ ಇದನ್ನು ಕಡ್ಡಾಯ ಕರ್ತವ್ಯವೆಂದು ಭಾವಿಸಬೇಕು.

ಕಾರ್ಡಿನ ಹೆಸರು, ಮೆಮೊರಿ ನೋಡಿ ತೀರ್ಮಾನಿಸುವ ಕಾಲ ಹೋಯಿತು. 2017ರ ಜಿಟಿಎಕ್ಸ್ 1080 ಟಿಐ ಕಾರ್ಡಿನಲ್ಲಿ 11 ಜಿಬಿ ಮೆಮೊರಿ ಇದೆ. ಆದರೂ ಡೂಮ್: ದಿ ಡಾರ್ಕ್ ಏಜಸ್ ಆಡಲು ಅದು ಸಾಲದು, ಏಕೆಂದರೆ ಆ ಗೇಮ್ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಹಾದಿ ಲೆಕ್ಕಹಾಕುವ ವಿಧಾನ) ಹಾರ್ಡ್‌ವೇರನ್ನೇ ಕೇಳುತ್ತದೆ. 8 ಜಿಬಿಯ ಆರ್‌ಟಿಎಕ್ಸ್ 2060 ಸೂಪರ್‌ನಲ್ಲಿ ಆ ಹಾರ್ಡ್‌ವೇರ್ ಇರುವುದರಿಂದ, ಮೆಮೊರಿ ಕಡಿಮೆಯಿದ್ದರೂ ಅದಕ್ಕೆ ಒಳಗೆ ಪ್ರವೇಶವಿದೆ. ಲ್ಯಾಪ್‌ಟಾಪ್‌ಗಳದ್ದು ಇನ್ನೂ ಗೋಜಲು. ಆರ್‌ಟಿಎಕ್ಸ್ 4060 ಎಂಬ ಒಂದೇ ಹೆಸರಿನ ಚಿಪ್ಪನ್ನು ತಯಾರಕರು 35 ವ್ಯಾಟ್‌ಗೂ ಇಡಬಹುದು, 115 ವ್ಯಾಟ್‌ಗೂ ಇಡಬಹುದು; ವಿದ್ಯುತ್ ಕಡಿಮೆ ಸಿಕ್ಕರೆ ಚಿಪ್ಪಿನ ವೇಗವೂ ಕಡಿಮೆ. ಕಂತು ಕಟ್ಟಿ ಲ್ಯಾಪ್‌ಟಾಪ್ ಕೊಳ್ಳುವ ಮನೆಯವರಿಗೆ ಅಂಗಡಿಯಲ್ಲಿ ಈ ವ್ಯತ್ಯಾಸ ಹೇಳುವವರು ಅಪರೂಪ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ.

ನಿಮ್ಮ ಯಂತ್ರದಲ್ಲಿ ಏನಿದೆ ಎಂದು ತಿಳಿಯಲು ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ವಿಭಾಗಕ್ಕೆ ಹೋಗಿ. ಅಲ್ಲಿ 'ಡೆಡಿಕೇಟೆಡ್' ಜಿಪಿಯು (ಗ್ರಾಫಿಕ್ಸ್ ಚಿಪ್) ಮೆಮೊರಿಯನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ. 'ಶೇರ್ಡ್' ಎಂದು ತೋರಿಸುವುದು ರ್‍ಯಾಮ್‌ನಿಂದ ಎರವಲು ಪಡೆಯುವ ಪಾಲು, ಬಹಳ ನಿಧಾನ. ಬೆಂಚ್‌ಮಾರ್ಕ್ ಸಿಕ್ಕರೆ ಅದನ್ನು ಒಮ್ಮೆ ಓಡಿಸಿ ನಿಲ್ಲಿಸಬೇಡಿ, ಮತ್ತೆ ಮತ್ತೆ ಓಡಿಸಿ. ಲ್ಯಾಪ್‌ಟಾಪ್ ಕಾದ ಮೇಲೆ ವೇಗ ಕುಸಿಯುತ್ತದೆ, ಆಗ ಬರುವ ಸಂಖ್ಯೆಯೇ ನಿಜವಾದದ್ದು.

ಬೆಂಚ್‌ಮಾರ್ಕ್ ಇಲ್ಲದಿದ್ದರೆ ಆನ್‌ಲೈನ್ ಗೇಮ್ ಅಂಗಡಿಯಾದ ಸ್ಟೀಮ್‌ನಲ್ಲಿ ಕೊಳ್ಳಿ. ಖರೀದಿಸಿದ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು. ಆದರೆ ಗೇಮ್ ತೆರೆದೊಡನೆ ನಡೆಯುವ ಶೇಡರ್ (ಚಿತ್ರ ಬಿಡಿಸುವ ಪುಟ್ಟ ಪ್ರೋಗ್ರಾಂ) ಸಿದ್ಧತೆಯ ಹೊತ್ತೂ ಆ ಎರಡು ಗಂಟೆಯಲ್ಲೇ ಸೇರುತ್ತದೆ. ಹಾಗಾಗಿ ಪಾತ್ರದ ಕೂದಲು, ಮೂಗು ತಿದ್ದುತ್ತಾ ಕೂರದೆ ನೇರವಾಗಿ ಗುಂಪು ಕಾದಾಟವಿರುವ ಜಾಗಕ್ಕೆ ಹೋಗಿ ಪರೀಕ್ಷಿಸಿ.