ಮಾರವಾ ನುಂಗಿದ ಸಭಾ ಕಾರ್ಯಕ್ರಮ

ಬೆಳಿಗ್ಗೆ ಚಹಾ ಕುಡಿಯುವ ಮೊದಲೇ ವಾಟ್ಸಾಪ್‌ನಲ್ಲಿ ಇನ್ನೊಂದು ಆಮಂತ್ರಣ ಬಂದು ಕೂತಿತ್ತು. ಮುಂದಿನ ತಿಂಗಳು ಪಕ್ಕದ ತಾಲೂಕಿನಲ್ಲಿ ಸಂಗೀತ ಸಂಜೆ. ಖುಷಿಯಿಂದ ತೆರೆದೆ. ದಿವ್ಯ ಸಾನ್ನಿಧ್ಯ ಒಬ್ಬರು. ಉದ್ಘಾಟನೆ ಒಬ್ಬರು. ಅಧ್ಯಕ್ಷತೆ ಇನ್ನೊಬ್ಬರು. ಮುಖ್ಯ ಅತಿಥಿಗಳು ಒಂದು ಸಾಲು, ವಿಶೇಷ ಆಹ್ವಾನಿತರು ಎರಡು ಸಾಲು, ಘನ ಉಪಸ್ಥಿತಿ ಅಂತ ಮತ್ತೊಂದಿಷ್ಟು ಫೋಟೋ. ಬೆರಳಲ್ಲಿ ಜಗ್ಗಿ ಜಗ್ಗಿ ದೊಡ್ಡದು ಮಾಡಿ ಹುಡುಕಿದ ಮೇಲೆ, ವಂದನಾರ್ಪಣೆಗಿಂತಲೂ ಕೆಳಗೆ, ಪ್ರಾಯೋಜಕರ ಲೋಗೋಗಳ ತಲೆಯ ಮೇಲೆ ಒಂದು ಸಾಲು ಸಿಕ್ಕಿತು. ಸಭಾ ಕಾರ್ಯಕ್ರಮದ ನಂತರ ಹಿಂದೂಸ್ತಾನಿ ಗಾಯನ. ಹಾಡುವವರ ಹೆಸರು, ಅದರ ಬಾಲಕ್ಕೆ 'ಮತ್ತು ಸಂಗಡಿಗರು'.

ಆ ಸಂಗಡಿಗರಲ್ಲಿ ಒಬ್ಬರು ನಮ್ಮ ಮನೆಯವರು. ತಬಲಾ. ನಿಮಗೆಲ್ಲ ಗೊತ್ತಿರುವುದೇ. ಹಾಗಾಗಿ ನಾನು ಬರೆಯುವುದರಲ್ಲಿ ಸ್ವಾರ್ಥ ಇಲ್ಲವೇ ಇಲ್ಲ ಅಂತ ಯಾರೂ ತಿಳಿಯಬೇಡಿ. ಇದೆ. ಬೇಕಾದಷ್ಟಿದೆ.

ಆದರೆ ಸಿಟ್ಟು ಬಂದದ್ದು ಈ ಆಮಂತ್ರಣಕ್ಕಲ್ಲ. ನಿನ್ನೆ ರಾತ್ರಿಯದು ಇನ್ನೂ ಇಳಿದಿರಲಿಲ್ಲ. ಊರು, ಸಂಘ, ಯಾವುದನ್ನೂ ಹೇಳುವುದಿಲ್ಲ, ಮುಂದೆ ಕರೆಯದಿದ್ದರೆ ಕಷ್ಟ. ಸರಿಯಾಗಿ 5:30ಕ್ಕೆ ಅಂತ ಕಾರ್ಡಿನಲ್ಲಿತ್ತು. ನಾವು 4:30ಕ್ಕೇ ಹೋದೆವು. ತಂಬೂರಿ ಶ್ರುತಿ ಮಾಡಿದರು, ತಬಲಾ ಅದಕ್ಕೆ ಹೊಂದಿಸಿದರು, ಮೈಕು ನೋಡಿಕೊಂಡರು. ಹಾಡುವ ಹೆಣ್ಣುಮಗಳು ನನ್ನ ಕಿವಿಯಲ್ಲಿ ಹೇಳಿದಳು, "ಅಕ್ಕಾ, ಇವತ್ತು ಮಾರವಾ ರಾಗ ಹಾಡಬೇಕಂತ ಮಾಡೀನಿ. ಬಾಳ ದಿನದಿಂದ ಆಸೆ ಇತ್ತು." ನನಗೂ ಖುಷಿಯಾಯಿತು.

ಅಷ್ಟರಲ್ಲಿ ಸಂಘಟಕರೊಬ್ಬರು ಬಂದು, "ಕಲಾವಿದರು ಸ್ವಲ್ಪ ಕೆಳಗಿಳಿದು ಕೂತ್ಕೊಳ್ರಿ, ಸಭಾ ಕಾರ್ಯಕ್ರಮ ಮುಗಿಸಿಬಿಡ್ತೀವಿ, ಅರ್ಧ ತಾಸು ಅಷ್ಟೇ" ಅಂದರು.

ಆ ಅರ್ಧ ತಾಸು ಮುಗಿಯುವಾಗ 8 ದಾಟಿತ್ತು.

ಮಾರವಾ ಅಂದರೆ ಏನು ಅಂತ ನನ್ನ ಸ್ನೇಹಿತರಲ್ಲಿ ಕೆಲವರಿಗೆ ಗೊತ್ತಿರಲಿಕ್ಕಿಲ್ಲ, ಅದಕ್ಕೆ ಹೇಳುತ್ತೇನೆ. ಹಿಂದೂಸ್ತಾನಿಯಲ್ಲಿ ರಾಗಕ್ಕೆ ಹೊತ್ತಿದೆ. ಹೊತ್ತು ಮುಳುಗುವಾಗ ಹಾಡುವ ರಾಗಗಳೇ ಬೇರೆ. ಮಾರವಾ, ಪೂರಿಯಾ ಧನಾಶ್ರೀ, ಶ್ರೀ. ಬೆಳಕು ಕತ್ತಲೆ ಎರಡೂ ಸೇರುವ ಹೊತ್ತಿನವು ಅಂತ ಇವನ್ನು ಸಂಧಿಪ್ರಕಾಶ ರಾಗ ಅನ್ನುತ್ತಾರೆ. ಮಾರವಾದಲ್ಲಿ ಪಂಚಮ, ಅಂದರೆ 'ಪ' ಸ್ವರ ಇಲ್ಲ, ಷಡ್ಜದ, ಅಂದರೆ 'ಸ'ದ ಮೇಲೂ ಹಾಡುವವರು ಸುಲಭಕ್ಕೆ ನಿಲ್ಲುವುದಿಲ್ಲ. ಕೇಳುವವರಿಗೆ ಒಂದು ಥರ ಕಸಿವಿಸಿ. ಮನೆಗೆ ಬರಬೇಕಾದವರು ಇನ್ನೂ ಬಂದಿಲ್ಲ ಅನ್ನಿಸುತ್ತದಲ್ಲ, ಆ ಥರ. ರಾತ್ರಿಯಾದ ಮೇಲೆ ಯಮನ್, ಕೇದಾರ, ಇನ್ನೂ ಮುಂದೆ ಬಿಹಾಗ್, ಬಾಗೇಶ್ರೀ, ಮಾಲಕಂಸ. ಇದನ್ನೆಲ್ಲ ನಾನು ಕಂಡುಹಿಡಿದದ್ದಲ್ಲ. ನಿಜ ಹೇಳಬೇಕೆಂದರೆ ನನಗೆ ಶಾಸ್ತ್ರ ಅಷ್ಟು ಗೊತ್ತೂ ಇಲ್ಲ. ತಾಳ ತಪ್ಪಿದ್ದು ನನಗೆ ಗೊತ್ತಾಗುವುದು ಮನೆಯವರ ಹುಬ್ಬು ನೋಡಿ.

ಈಗ ಲೆಕ್ಕ ಹಾಕಿ. ನಮ್ಮ ಕಡೆ ಚಳಿಗಾಲದಲ್ಲಿ 6ರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಅದೇ ಹೊತ್ತಿಗೆ ವೇದಿಕೆಯ ಮೇಲೆ ಏನು ನಡೆದಿರುತ್ತದೆ? ದೀಪ ಬೆಳಗುವುದು. ಗಾಳಿಗೆ ದೀಪ ಆರುತ್ತದೆ, ಫ್ಯಾನ್ ಬಂದ್ ಮಾಡಿ ಅಂತ ಕೂಗು, ಮತ್ತೆ ಬೆಳಗುವುದು, ಎಲ್ಲರೂ ಒಂದೊಂದು ಬತ್ತಿ ಹಚ್ಚುವುದು, ಫೋಟೋದವನು "ಸಾರ್ ಇನ್ನೊಮ್ಮೆ" ಅನ್ನುವುದು. ಆಮೇಲೆ ಸ್ವಾಗತ, ಪ್ರಾಸ್ತಾವಿಕ ನುಡಿ, ಉದ್ಘಾಟನಾ ನುಡಿ. ಅಂದರೆ ಸಂಜೆಯ ರಾಗಗಳ ಹೊತ್ತು ಪ್ರತಿ ಸಲವೂ, ಪ್ರತಿ ಊರಲ್ಲೂ, ಭಾಷಣಕ್ಕೇ ಮೀಸಲು. ಹೆಸರು ಮಾತ್ರ ಸಂಗೀತ ಸಂಜೆ! ಸಣ್ಣ ಊರಿನ ಕೇಳುಗರಿಗೆ ಮಾರವಾ, ಶ್ರೀ ಎಲ್ಲ ಯೂಟ್ಯೂಬಿನ ರಾಗಗಳಾಗಿಬಿಟ್ಟಿವೆ. ಕಣ್ಣೆದುರು ಕೂತು ಯಾರೂ ಹಾಡಿದ್ದನ್ನು ಅವರು ಕೇಳಿಯೇ ಇಲ್ಲ.

ನಿನ್ನೆಯ ಅತಿಥಿಗಳಲ್ಲಿ ಒಬ್ಬರು, "ನನಗೆ ಸಂಗೀತದ ಬಗ್ಗೆ ಏನೂ ಗೊತ್ತಿಲ್ಲ" ಅಂತ ಶುರುಮಾಡಿದರು. ಪ್ರಾಮಾಣಿಕ ಮನುಷ್ಯ ಅಂದುಕೊಂಡೆ. ಅದನ್ನು ಸಾಬೀತು ಮಾಡಲು ಅಷ್ಟೊತ್ತು ತೆಗೆದುಕೊಳ್ಳುವ ಅಗತ್ಯ ಇರಲಿಲ್ಲ. ನಮ್ಮ ಭಾಗದಲ್ಲಿ ಭಾಷಣಕ್ಕೆ ನಿಂತವರು ಹೇಳಲೇಬೇಕಾದ ಗಾಯಕರ ಹೆಸರುಗಳ ಪಟ್ಟಿ ಒಂದಿದೆ. ಸವಾಯಿ ಗಂಧರ್ವ, ಮನ್ಸೂರ, ಗಂಗೂಬಾಯಿ, ಭೀಮಸೇನ ಜೋಶಿ, ಬಸವರಾಜ ರಾಜಗುರು, ಕುಮಾರ ಗಂಧರ್ವ. ಇವರೂ ಎಲ್ಲವನ್ನೂ ಹೇಳಿದರು, ಸ್ವಲ್ಪ ಕಲಸಿ. ಧಾರವಾಡದ 'ಮೃತ್ಯುಂಜಯ' ಮನೆಯನ್ನು ಭೀಮಸೇನ ಜೋಶಿಯವರಿಗೆ ಕೊಟ್ಟುಬಿಟ್ಟರು. ಅದು ಮಲ್ಲಿಕಾರ್ಜುನ ಮನ್ಸೂರರ ಮನೆ ಸ್ವಾಮಿ! ಭೀಮಸೇನರು ಹುಟ್ಟಿದ್ದು 1922ರಲ್ಲಿ, ನೆಲೆಸಿದ್ದು ಪುಣೆಯಲ್ಲಿ. ಕುಮಾರ ಗಂಧರ್ವರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಸೂಳೇಭಾವಿಯಲ್ಲಿ, ಬದುಕಿದ್ದು ಮಧ್ಯಪ್ರದೇಶದ ದೇವಾಸದಲ್ಲಿ. ಅವರನ್ನು ಇವರು ಪುಣೆಗೆ ಕಳಿಸಿದರು. ಇರಲಿ, ಎಲ್ಲರೂ ದೊಡ್ಡವರೇ, ಹೊಂದಿಕೊಂಡು ಇದ್ದಾರು. ಸಂಗೀತ ಈ ಮಣ್ಣಿನ ಉಸಿರು ಅಂದರು, ಚಪ್ಪಾಳೆ ಬಿತ್ತು. ಬೇರೆ ಕಾರ್ಯಕ್ರಮ ಇದೆ ಅಂತ ಹೊರಟೇಬಿಟ್ಟರು. ಅವರ ಹಿಂದೆ ಎರಡು ಸಾಲು ಜನ ಎದ್ದರು. ಉಸಿರು ಅಲ್ಲೇ ವೇದಿಕೆಯ ಕೆಳಗೆ ತಂಬೂರಿ ತಬ್ಬಿಕೊಂಡು ಕೂತಿತ್ತು.

ಆಮೇಲೆ ಸನ್ಮಾನ. ಶಾಲು, ಹಾರ, ಫಲಪುಷ್ಪ, ಸ್ಮರಣಿಕೆ. ನಮ್ಮ ಮನೆಯಲ್ಲಿ ಒಂದು ಟ್ರಂಕ್ ತುಂಬ ಶಾಲು ಇವೆ. ಮೈಗೆ ಸುತ್ತಿಕೊಳ್ಳಲು ಬರುವುದಿಲ್ಲ, ಟೇಬಲ್ ಮೇಲೆ ಹಾಸಲು ಬರುವುದಿಲ್ಲ, ಜಾರುತ್ತವೆ. ಸ್ಮರಣಿಕೆಗಳ ಕಥೆಯನ್ನು ಇನ್ನೊಮ್ಮೆ ಬರೆಯುತ್ತೇನೆ. ತಬಲಾಕ್ಕೆ ಹೊಸ ಚರ್ಮ ಹಾಕಿಸುವ ಖರ್ಚು ಯಾವ ಸ್ಮರಣಿಕೆಯಿಂದಲೂ ಹುಟ್ಟಿಲ್ಲ ಅಂತಷ್ಟೇ ಈಗ ಹೇಳಬಲ್ಲೆ.

ಕಡೆಗೂ ಹಾಡಲು ಕೂತರು. ಮತ್ತೆ ಶ್ರುತಿ. ಆ ಲೈಟಿನ ಸೆಕೆ, ಆ ಫ್ಯಾನಿನ ಗಾಳಿ, ಎರಡರ ನಡುವೆ ಇಟ್ಟ ತಂಬೂರಿ ಸುಮ್ಮನೆ ಇರುತ್ತದೆಯೇ? ಅವರು ತಂತಿ ಬಿಗಿಯುವಾಗ ನಿರೂಪಕರು ಮೈಕ್ ಹಿಡಿದು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ಸಮಯದ ಅಭಾವ ಇರುವುದರಿಂದ ಕಲಾವಿದರು ಸಂಕ್ಷಿಪ್ತವಾಗಿ ಪ್ರಸ್ತುತಪಡಿಸಬೇಕಾಗಿ ವಿನಂತಿ."

ಸಮಯದ ಅಭಾವ! ಯಾರು ಮಾಡಿದ ಅಭಾವ ರೀ?

ಮಾರವಾ ಹೋಯಿತು. ಯಮನ್ ಹಿಡಿದಳು. ವಿಲಂಬಿತ ಏಕತಾಲ ಅಂದರೆ ನಿಧಾನದ ತಾಳ, ಒಂದು ಸುತ್ತಿಗೆ 12 ಮಾತ್ರೆ, ಅಂದರೆ 12 ಎಣಿಕೆ. ಆ ಲಯದಲ್ಲಿ ಒಂದು ಸುತ್ತು ಮುಗಿಯುವುದಕ್ಕೇ ಹತ್ತಿರ ಹತ್ತಿರ ಒಂದು ನಿಮಿಷ ಬೇಕು. ಇಪ್ಪತ್ತು ನಿಮಿಷ ಕೊಟ್ಟರೆ ಇಪ್ಪತ್ತು ಚಿಲ್ಲರೆ ಸಲ ಸಮ್‌ಗೆ, ಅಂದರೆ ಸುತ್ತಿನ ಮೊದಲ ಮಾತ್ರೆಗೆ ಬರಬಹುದು, ಅಷ್ಟೇ. ರಾಗ ಆಗ ತಾನೇ ಬಾಗಿಲು ತೆರೆದಿರುತ್ತದೆ. ನಿನ್ನೆ ಅಷ್ಟಾಗುವುದರೊಳಗೆ ಚೀಟಿ ಬಂತು. ಆ ಚೀಟಿ ಎಲ್ಲ ಕಲಾವಿದರಿಗೂ ಪರಿಚಯ. 'ಒಂದು ವಚನ ಹಾಡಿ ಮುಗಿಸಿ.' ನನಗೆ ವಚನದ ಮೇಲೆ ಸಿಟ್ಟಿಲ್ಲ, ಆ ಚೀಟಿಯ ಮೇಲೆ ಸಿಟ್ಟು. ಹಿಂದೆ ಗ್ರಾಮಫೋನಿನ 78 ಆರ್‌ಪಿಎಂ ತಟ್ಟೆಗಳ ಕಾಲದಲ್ಲಿ ಸುಮಾರು ಮೂರು ನಿಮಿಷದಲ್ಲಿ ಒಂದು ರಾಗ ಹಾಡಿ ಮುಗಿಸಬೇಕಿತ್ತು. ತಟ್ಟೆಯ ಒಂದು ಮಗ್ಗುಲಲ್ಲಿ ಜಾಗವೇ ಅಷ್ಟು. ಈಗ ಜಾಗವೂ ಇದೆ, ರಾತ್ರಿಯೂ ಇದೆ, ಇಲ್ಲದಿರುವುದು ನಮ್ಮ ಸಮಿತಿಗಳಿಗೆ ತಾಳ್ಮೆ ಮಾತ್ರ. ಅದೂ ಭಾಷಣಕ್ಕಾದರೆ ಎಲ್ಲಿಂದಲೋ ಬರುತ್ತದೆ.

ಮುಂದಿನ ತಿಂಗಳ ಆಮಂತ್ರಣದ ಚಿಂತೆ ಇನ್ನೂ ದೊಡ್ಡದು. ಅದು ಬಯಲು ಜಾಗ. ಹೊರಗಡೆ ಧ್ವನಿವರ್ಧಕ ರಾತ್ರಿ 10ಕ್ಕೆ ಬಂದ್ ಆಗಬೇಕು ಅಂತ 2000ದ ಶಬ್ದಮಾಲಿನ್ಯ ನಿಯಮಗಳಲ್ಲೇ ಇದೆ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮ ಅಂತ ಸರ್ಕಾರ ಮಧ್ಯರಾತ್ರಿಯವರೆಗೆ ಬಿಡಬಹುದು, ಆದರೆ ವರ್ಷಕ್ಕೆ 15 ದಿನ ಮೀರುವಂತಿಲ್ಲ. ಸಣ್ಣ ಊರಿನ ಸಂಘಕ್ಕೆ ಅದೆಲ್ಲಿ ಸಿಗಬೇಕು? ಸರಿ, ನಿಯಮ ಇರಲಿ, ಮಲಗುವವರು ಮಲಗಬೇಕು, ಓದುವ ಮಕ್ಕಳಿರುತ್ತಾರೆ. ಆದರೆ 10ಕ್ಕೆ ಮುಗಿಯಲೇಬೇಕು ಅಂತ ಗೊತ್ತಿದ್ದರೂ 8:15ರವರೆಗೆ ಮಾತಾಡುವುದು ಯಾವ ನಿಯಮ? ಗಡಿಯಾರ ನೋಡಿ ಕತ್ತರಿ ಹಾಕುವುದು ಯಾವಾಗಲೂ ಹಾಡಿಗೇ. ವಂದನಾರ್ಪಣೆಯವರಿಗೆ ಚೀಟಿ ಹೋದದ್ದನ್ನು ನಾನು ಕಂಡಿಲ್ಲ.

ಇದನ್ನೇ ಫೋನಿನಲ್ಲಿ ಒಬ್ಬ ಸಂಘಟಕರಿಗೆ ಹೇಳಿದೆ. ಒಳ್ಳೆಯವರು, ವರ್ಷಾನುಗಟ್ಟಲೆ ಕೈಯಿಂದ ಹಣ ಹಾಕಿ ಕಾರ್ಯಕ್ರಮ ಮಾಡಿದವರು. ಅವರ ವಾದ ಹೀಗೆ: "ಅಕ್ಕಾರ, ಹಾಲ್ ಬಾಡಿಗೆ ಯಾರು ಕೊಡಬೇಕು? ಮೈಕು, ಕಲಾವಿದರ ಪಾಕೀಟು? ಟಿಕೆಟ್ ಇಟ್ಟರ ಒಬ್ಬರೂ ಬರಂಗಿಲ್ಲ. ದುಡ್ಡು ಕೊಟ್ಟವರನ್ನ ಸ್ಟೇಜ್ ಮ್ಯಾಲೆ ಕೂಡಸಬೇಕಾಕ್ಕತಿ. ಮತ್ತ ಅವರ ಕಡೆ ಮಂದಿ ಬರೋದ್ರಿಂದನ ಕುರ್ಚಿ ತುಂಬ್ತಾವ."

ಖರ್ಚಿನ ಮಾತು ನಿಜ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಕೂಡಿಸಿ, ಬೇಡ ಅಂದವರು ಯಾರು? ಮುಂದಿನ ಸಾಲಿನಲ್ಲಿ ಸೋಫಾ ಹಾಕಿ ಕೂಡಿಸಿ, ಒಬ್ಬೊಬ್ಬರ ಹೆಸರು ಹೇಳಿ ಚಪ್ಪಾಳೆ ಹೊಡೆಸಿ, ಹತ್ತು ನಿಮಿಷ. ಮಾತಾಡಲೇಬೇಕಾದರೆ ಎರಡು ರಾಗಗಳ ನಡುವೆ ಮಾತಾಡಿಸಿ, ಆಗ ಅವರೂ ಒಂದು ರಾಗ ಕೇಳಿದ ಹಾಗಾಗುತ್ತದೆ. ಇನ್ನು ಕುರ್ಚಿ ತುಂಬುವ ಮಾತು! ಅತಿಥಿಗಳ ಜೊತೆ ಬಂದವರು ಅತಿಥಿಗಳ ಜೊತೆಗೇ ಹೋಗುತ್ತಾರೆ. ಆಲಾಪ, ಅಂದರೆ ರಾಗವನ್ನು ನಿಧಾನಕ್ಕೆ ಬಿಡಿಸುವುದು, ಶುರುವಾಗುವುದು ಕುರ್ಚಿ ಎಳೆಯುವ ಸದ್ದಿನ ಮೇಲೆ. ನಿಜವಾಗಿ ಕೇಳಲು ಬಂದ ವಯಸ್ಸಾದವರು ಕೊನೆಯ ಬಸ್ಸಿಗೆ ಅಂತ ಏಳುತ್ತಾರೆ. ನಿನ್ನೆ ಒಬ್ಬ ಅಜ್ಜ ಹಾಡು ಶುರುವಾದ ಐದು ನಿಮಿಷಕ್ಕೆ ಎದ್ದು, ವೇದಿಕೆಗೆ ಕೈ ಮುಗಿದು ಹೋದರು. ಮೂರು ತಾಸು ಕಾದು ಐದು ನಿಮಿಷ ಕೇಳಿದರು. ಅವರ ಹೆಸರು ಯಾವ ಕಾರ್ಡಿನಲ್ಲೂ ಇರಲಿಲ್ಲ.

"ಕುಂದಗೋಳದಾಗ ಇಡೀ ರಾತ್ರಿ ನಡೀತದಲ್ರೀ" ಅಂತ ಕೆಲವರು ಹೇಳುತ್ತಾರೆ. ಹೌದು. ಸವಾಯಿ ಗಂಧರ್ವರ ನೆನಪಿನಲ್ಲಿ ನಾಡಗೇರ ವಾಡೆಯಲ್ಲಿ ನಡೆದುಬಂದ ಅಹೋರಾತ್ರಿ ಸಂಗೀತದ ಊರು ಅದು. ಹುಬ್ಬಳ್ಳಿಯಿಂದ ಸುಮಾರು 20 ಕಿಲೋಮೀಟರ್. ಗಂಗೂಬಾಯಿಯವರು ರೈಲು ಹತ್ತಿ ಪಾಠಕ್ಕೆ ಹೋಗುತ್ತಿದ್ದ ಊರು. ಇಡೀ ರಾತ್ರಿ ಕೈಯಲ್ಲಿದ್ದರೆ ಎಷ್ಟು ದೊಡ್ಡ ಭಾಷಣಕಾರನೂ ರಾಗಗಳನ್ನೆಲ್ಲ ನುಂಗಲಾರ, ಕಡೆಗೆ ಬೆಳಗಿನ ಲಲಿತ, ಭೈರವ ಆದರೂ ಉಳಿಯುತ್ತವೆ. ನಮ್ಮ ಪುಟ್ಟ ಊರುಗಳಿಗೆ ಸಿಗುವುದು ಒಂದು ಸಂಜೆ. ಆ ಸಂಜೆಯನ್ನಾದರೂ ಬಿಡಬಾರದೇ?

ಬೆಂಗಳೂರಿನ ಗೆಳತಿಯೊಬ್ಬಳು ನನ್ನ ಹಳೆಯ ಪೋಸ್ಟಿಗೆ, "ನಮ್ಮ ಕರ್ನಾಟಕ ಸಂಗೀತದಲ್ಲಿ ಈ ಹೊತ್ತಿನ ಹಂಗು ಅಷ್ಟಿಲ್ಲ, ನೀವೇ ಬಿಟ್ಟುಬಿಡಿ" ಅಂತ ಬರೆದಿದ್ದಳು. ಅಂದರೆ ಭಾಷಣಕ್ಕೆ ಅನುಕೂಲ ಆಗಲಿ ಅಂತ ನಾವು ಗುರುಗಳಿಂದ ಬಂದ ಪದ್ಧತಿಯನ್ನೇ ತಿದ್ದಬೇಕು! ಒಳ್ಳೆಯ ಸಲಹೆ. ಚಾಮರಾಜಪೇಟೆಯಲ್ಲಿ 1939ರಿಂದ ರಾಮನವಮಿಯ ಕಚೇರಿ ಕೇಳುತ್ತಾ ಬಂದ ಊರಿನವಳು ನೀನು ಮಾರಾಯ್ತಿ, ನಿನಗೆ ಹೊಟ್ಟೆ ತುಂಬಿದೆ. ನಮಗೆ ಇಲ್ಲಿ ವರ್ಷಕ್ಕೆ ನಾಲ್ಕು ಊಟ, ಅದರಲ್ಲೂ ಎಲೆ ಹಾಕಿ ಬಡಿಸುವ ಮೊದಲು ಅಡುಗೆಯ ಬಗ್ಗೆ ಉಪನ್ಯಾಸ.

ಇನ್ನೊಂದು ಮಾತು. ಸ್ವಾರ್ಥದ್ದು ಅಂತ ಮೊದಲೇ ಹೇಳಿದ್ದೇನಲ್ಲ. ಕಾರ್ಡಿನಲ್ಲಿ ಅಷ್ಟೊಂದು ಹೆಸರಿಗೆ ಜಾಗ ಇದ್ದ ಮೇಲೆ ತಬಲಾ ಯಾರು, ಹಾರ್ಮೋನಿಯಂ ಯಾರು, ತಂಬೂರಿ ಯಾರು ಅಂತ ಹಾಕಲು ಏನು ಕಷ್ಟ? ಕೇಳುವವರು ಅದನ್ನು ನೋಡಿಯೂ ಬರುತ್ತಾರೆ. ಅವರಿಬ್ಬರ ಜೋಡಿ ಚೆನ್ನಾಗಿರುತ್ತದೆ ಅಂತ ಮೂವತ್ತು ಮೈಲಿ ಬೈಕಿನಲ್ಲಿ ಬರುವ ಹುಡುಗರಿದ್ದಾರೆ. ನಿನ್ನೆ ನಿರೂಪಕರು ನಮ್ಮ ಮನೆಯವರ ಹೆಸರನ್ನು ತಪ್ಪಾಗಿ ಕೂಗಿದರು. ಇವರು ಎದ್ದು ಆ ತಪ್ಪು ಹೆಸರಿಗೇ ನಮಸ್ಕಾರ ಮಾಡಿ ಕೂತರು. ನನಗೆ ಅಳು ಬಂತು. ಸಿಟ್ಟಿನ ಅಳು. ಇವರಿಗೆ ಏನೂ ಅನ್ನಿಸಲಿಲ್ಲವಂತೆ. "ಸಮ್ ಬಿಡಲಿಲ್ಲಲ್ಲ, ಸಾಕು" ಅಂದರು. ಇಂಥವರ ಜೊತೆ ಸಂಸಾರ ಮಾಡುವುದು ನಿಮಗೆ ಗೊತ್ತಿಲ್ಲ.

ಖುಷಿಯ ಸುದ್ದಿಯೂ ಒಂದಿದೆ, ಬರೆದೇಬಿಡುತ್ತೇನೆ. ಇವತ್ತು ಮಧ್ಯಾಹ್ನ ಶಿರಸಿ ಕಡೆಯಿಂದ ಇನ್ನೊಂದು ಮೆಸೇಜು ಬಂತು. ಅಡಿಕೆ ತೋಟದವರ ಮನೆ. ಕಾರ್ಡಿಲ್ಲ, ಫೋಟೋ ಇಲ್ಲ, ನಾಲ್ಕೇ ಸಾಲು. ಬರುವ ಭಾನುವಾರ, ಮನೆಯ ಜಗುಲಿ. 'ಹಾಡು 5 ಗಂಟೆಗೆ ಶುರು. ತಬಲಾ ಇವರು, ಹಾರ್ಮೋನಿಯಂ ಇವರು. ಮೈಕ್ ಇಲ್ಲ. ನಡುವೆ ಚಹಾ, ಕೊನೆಗೆ ಊಟ.' ಅತಿಥಿಗಳು ಅಂತ ಯಾರ ಹೆಸರೂ ಇರಲಿಲ್ಲ. ಕೇಳಲು ಬಂದವರೇ ಅತಿಥಿಗಳು ಇರಬೇಕು. ಅವರ ಜಗುಲಿಯಲ್ಲಿ ಅರವತ್ತು ಜನ ಕೂತರೆ ಕಾಲು ಮಡಚಲು ಜಾಗ ಇರುವುದಿಲ್ಲ. ಆದರೆ ಕೂತವರು ಎದ್ದು ಹೋಗುವುದೂ ಇಲ್ಲ. ಆ ಹೆಣ್ಣುಮಗಳೇ ಹಾಡುವುದು. ಫೋನ್ ಮಾಡಿ ಕೇಳಿದೆ, "5 ಗಂಟೆ ಅಂದ್ರ 5 ಗಂಟೆನೇ ಏನು?" "ಹೌದಂತಕ್ಕಾ. ಮುಲ್ತಾನಿಯಿಂದ ಶುರು ಮಾಡ್ತೀನಿ, ಆಮ್ಯಾಲೆ ಮಾರವಾ" ಅಂದಳು.

ಇದನ್ನೆಲ್ಲ ಬರೆಯುವಾಗ ಮನೆಯವರು ಹಿಂದೆ ನಿಂತು ಓದಿದರು. "ಫೇಸ್‌ಬುಕ್ಕಿನಾಗ ಹಾಕಬ್ಯಾಡ ಮಾರಾಯ್ತಿ, ಮುಂದಿನ ತಿಂಗಳದ್ದು ಕ್ಯಾನ್ಸಲ್ ಆದೀತು" ಅಂದರು. ಆಗಲಿ. ಒಂದು ಶಾಲು ಕಡಿಮೆ.

ಶಿರಸಿಗೆ ಬರುವವರು ಇನ್‌ಬಾಕ್ಸ್ ಮಾಡಿ. ನಮ್ಮ ಕಾರಿನಲ್ಲಿ ತಬಲಾ ಇಟ್ಟ ಮೇಲೂ ಇಬ್ಬರಿಗೆ ಜಾಗ ಇದೆ. ಮಧ್ಯಾಹ್ನ 1ಕ್ಕೆ ಹೊರಡುತ್ತೇವೆ, ಯಾರಿಗೂ ಕಾಯುವುದಿಲ್ಲ.